ಬಿದಿರಿನ ಗುಳಿಗೆ

ಯಮನಮ್ಮನಿಗೆ ಕೂತರೆ ಏಳಲಾಗದಷ್ಟು ಮೊಣಕಾಲು ನೋವು. ದೇವದುರ್ಗದಲ್ಲಿ ಶಿಕ್ಷಕಿಯಾಗಿದ್ದ ಮಗಳು ಸಂಘಮಿತ್ರಾ ಭಾನುವಾರ ಮಾನ್ವಿಗೆ ಬರುವಾಗ ಒಂದು ಡಬ್ಬಿ ಗುಳಿಗೆ ತಂದಳು. ಬಿದಿರಿನಿಂದ ತೆಗೆದದ್ದಂತೆ, ಕೀಲಿಗೆ, ಚರ್ಮಕ್ಕೆ, ಕೂದಲಿಗೆ ಒಳ್ಳೆಯದಂತೆ. ಟೈಫಾಯಿಡ್ ಬಂದು ಹೋದ ಮೇಲೆ ಕೂದಲು ಉದುರುತ್ತಿದ್ದುದರಿಂದ ತಾನೂ ಎರಡು ತಿಂಗಳಿಂದ ನುಂಗುತ್ತಿರುವುದಾಗಿ ಹೇಳಿದಳು.

ಇದರ ಹೆಸರೇನು ಎಂದು ಯಮನಮ್ಮ ಕೇಳಿದಳು.

"ಸಿಲಿಕಾ, ಯವ್ವಾ."

ಬಾಯಿಯವರೆಗೆ ಒಯ್ದಿದ್ದ ಗುಳಿಗೆಯನ್ನು ಯಮನಮ್ಮ ಕೆಳಗಿಟ್ಟಳು. ಗಂಡ ಮೌನಪ್ಪ ಹನ್ನೆರಡು ವರ್ಷ ಜಲ್ಲಿ ಮಷೀನಿನಲ್ಲಿ ಕಲ್ಲುಧೂಳು ಕುಡಿದು, ಉಸಿರು ಸಾಲದೆ ತೀರಿಕೊಂಡಿದ್ದ. ಅವನ ಶ್ವಾಸಕೋಶದಲ್ಲಿ ಸಿಲಿಕಾ ಕೂತಿದೆ ಎಂದು ರಾಯಚೂರಿನ ಡಾಕ್ಟರಮ್ಮ ವಾಹಿದಾ ಆಗ ಹೇಳಿದ್ದರು. ಸಂಘಮಿತ್ರಾಗೆ ಆಗಿನ್ನೂ ಆರು ವರ್ಷ.

"ನಿಮ್ಮಪ್ಪನ್ನ ತಿಂದದ್ದು ಇದ ಅಲ್ಲೇನು?"

ಸಂಘಮಿತ್ರಾಗೆ ಇದು ಗೊತ್ತೇ ಇರಲಿಲ್ಲ. ಮೊಬೈಲು ತೆಗೆದು ಹುಡುಕಿದಳು. ಅಲ್ಲಿ ಒಂದು ಕಡೆ ಅಮೃತ, ಇನ್ನೊಂದು ಕಡೆ ವಿಷ. ಭತ್ತದ ಹೊಟ್ಟಿನಲ್ಲೂ ಅದೇ ಇದೆ ಎಂದು ಓದಿ ಹೇಳಿದಾಗಲಂತೂ ಯಮನಮ್ಮನಿಗೆ ದಿಕ್ಕೇ ತೋಚಲಿಲ್ಲ. ಆಕೆ ಹರೆಯದಿಂದ ಭತ್ತ ತೂರುತ್ತ ಬಂದವಳು.

ಮರುದಿನ ಮಗಳು ರಜೆ ಹಾಕಿದಳು. ಇಬ್ಬರೂ ಬಸ್ಸು ಹತ್ತಿ ರಾಯಚೂರಿಗೆ ಹೋದರು. ಕೂದಲು ನೆರೆತಿದ್ದ ವಾಹಿದಾ ಡಬ್ಬಿ ನೋಡಿ ಸಮಾಧಾನದಿಂದ ತಿಳಿಸಿದರು. ಮೂಗಿನಿಂದ ಒಳಹೋದ ಕಲ್ಲಿನ ಧೂಳು ಬೇರೆ, ಹೊಟ್ಟೆಗೆ ಹೋಗುವ ಇದು ಬೇರೆ. ಆ ರೋಗ ಇದರಿಂದ ಬರುವುದಿಲ್ಲ. ಆದರೆ ಮೊಣಕಾಲು ವಾಸಿಯಾಗುತ್ತದೆ ಎನ್ನಲೂ ಸರಿಯಾದ ಪುರಾವೆ ಇಲ್ಲ. ಕಾಲಿಗೆ ದಿನಾ ಮಾಡಬೇಕಾದ ವ್ಯಾಯಾಮ ತೋರಿಸಿಕೊಟ್ಟರು.

"ಹಂಗಾದ್ರ ಎರಡಕ್ಕೂ ಒಂದ ಹೆಸರ್ಯಾಕ್ರೀ?" ಎಂದಳು ಯಮನಮ್ಮ.

ಕಲ್ಲು, ಮರಳಿನಲ್ಲಿರುವುದು ಹರಳು, ಬಿದಿರಿನದು ಹರಳಲ್ಲ ಎಂದು ವಾಹಿದಾ ಬಿಡಿಸಿ ಹೇಳಿದರು. ಯಮನಮ್ಮ ತಲೆಯಾಡಿಸಿದಳು, ಒಂದೂ ತಲೆಗೆ ಹೋಗಲಿಲ್ಲ.

ಬಸ್ ನಿಲ್ದಾಣದಲ್ಲಿ ಮಗಳು ಡಬ್ಬಿಯನ್ನು ಎಸೆದುಬಿಡುತ್ತೇನೆ ಎಂದಳು. ಅವಳ ಹಣೆಯಂಚಿನಲ್ಲಿ ಹೊಸ ಕೂದಲು ಎಳೆಎಳೆಯಾಗಿ ಮೂಡಿದ್ದವು. ಗುಳಿಗೆಯಿಂದ ಬಂದವೋ, ಜ್ವರ ಬಿಟ್ಟದ್ದಕ್ಕೆ ತಾವಾಗಿ ಬಂದವೋ, ಯಮನಮ್ಮನಿಗೆ ತಿಳಿಯಲಿಲ್ಲ.

"ನುಂಗಬ್ಯಾಡ ಅನ್ನಂಗಿಲ್ಲವ್ವಾ ನಾ," ಎಂದಳು. "ನನ್ನ ಮುಂದ ಅದರ ಹೆಸರು ಹೇಳಬ್ಯಾಡ."

ಸಂಘಮಿತ್ರಾ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಮಾನ್ವಿ ಬಸ್ಸು ಬಂತು. ಯಮನಮ್ಮ ಮಗಳ ಹೆಗಲು ಹಿಡಿದು ಮೆಟ್ಟಿಲು ಹತ್ತಿದಳು.