ಪಡಸಾಲೆಯ ತೊಲೆ

ಕಲಬುರಗಿ ಕೋಟೆಯ ಹತ್ತಿರ ಉಮ್ಮೆ ಹಾನಿ ಎಂಬಾಕೆಗೆ ಅಜ್ಜಿಯ ಕಾಲದ ಮನೆಯಿತ್ತು, ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯದು. ನೋಡಿದ ಗೌಂಡಿಗಳೆಲ್ಲ ಕೆಡವಿ ಸ್ಲ್ಯಾಬ್ ಹಾಕಿಸಿ ಎಂದೇ ಹೇಳಿ ಹೋಗಿದ್ದರು. ಶಾಲೆಯಲ್ಲಿ ಗಣಿತ ಕಲಿಸುವ ಆಕೆ ಎರಡು ವರ್ಷ ಹುಡುಕಿ, ಕೊನೆಗೆ ಕಮಲಾಪುರದ ಹಣಮಂತರಾಯನನ್ನು ಹಿಡಿದಳು. ಸುಣ್ಣದ ಗಚ್ಚಿನಲ್ಲಿ ಗೋಡೆ ಕಟ್ಟುವುದನ್ನು ಅವನು ತಂದೆಯಿಂದ ಕಲಿತಿದ್ದ. ಹನ್ನೆರಡು ವರ್ಷದಿಂದ ಆ ಕೆಲಸವನ್ನು ಯಾರೂ ಕೇಳಿರಲಿಲ್ಲ. ಸಿಮೆಂಟ್ ಕೆಲಸದಲ್ಲೇ ದಿನ ಕಳೆದಿದ್ದ.

ಹೆಂಡತಿ ತುಳಜಾಬಾಯಿಯೊಂದಿಗೆ ಅವನು ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಿದ್ದ. ಆಕೆ ಗಚ್ಚು ಅರೆದಳು, ಅವನು ಬಿರುಕು ಬಿಟ್ಟ ಗೋಡೆಗಳನ್ನು ಒಂದೊಂದಾಗಿ ಸರಿಪಡಿಸಿದ. ಸಂಜೆ ಶಾಲೆಯಿಂದ ಬಂದ ಉಮ್ಮೆ ಹಾನಿ ಗೋಡೆಗೆ ಅಂಗೈ ಇಟ್ಟು, "ನಮ್ಮ ನಾನಿ ಇದ್ದಾಗ ಹಿಂಗೇ ತಂಪಿತ್ತು, ಉಸ್ತಾದ್" ಎನ್ನುತ್ತಿದ್ದಳು. ಅವನನ್ನು ಅದುವರೆಗೆ ಯಾರೂ ಉಸ್ತಾದ್ ಎಂದು ಕರೆದಿರಲಿಲ್ಲ.

ಮೂರನೆಯ ತಿಂಗಳು ಆಕೆ ಪಡಸಾಲೆಯ ತೊಲೆ ತೋರಿಸಿದಳು. ಗೋಡೆಯೊಳಗಿನ ಅದರ ತುದಿಯನ್ನು ಗೆದ್ದಲು ತಿಂದಿತ್ತು.

"ಇದನ್ನೂ ನೀವೇ ಬದಲಿ ಮಾಡ್ತೀರೇನು, ಉಸ್ತಾದ್?"

ಅದು ಬಡಿಗರ ಕೆಲಸ. ಅವನ ತಂದೆ ಕೂಡ ತೊಲೆ ಮುಟ್ಟಿದವನಲ್ಲ.

"ಮಾಡ್ತೀನ್ರಿ ಮೇಡಂ" ಎಂದ.

ಬಸ್ಸಿಗೆ ಕಾಯುವಾಗ ತುಳಜಾಬಾಯಿ ಕೇಳಿದಳು, "ನಿಮಗ ಕಟಗಿ ಕೆಲಸ ಎಲ್ಲಿ ಬರ್ತದ? ಯಾರಾದ್ರೂ ಬಡಿಗ್ಯಾರನ್ನ ಕರೀರಿ."

"ಬರಲ್ಲ ಅಂತ ಆಕಿ ಮುಂದ ಹೆಂಗ ಹೇಳಲಿ?"

ಗುರುವಾರ ಬೆಳಗ್ಗೆ ಮಾಳಿಗೆಗೆ ಎರಡು ಕಂಬದ ಆಸರೆ ಕೊಟ್ಟು ಅವನು ತೊಲೆ ಎಳೆದ. ಮೇಲಿನ ಮಣ್ಣಿನ ಭಾರ ಇಳಿಸಿರಲಿಲ್ಲ. ಕಂಬವೊಂದು ಜಾರಿತು. ಹೆಂಡತಿಯನ್ನು ಹೊರಗೆ ದೂಡಿ ಅವನೂ ಅಂಗಳಕ್ಕೆ ಹಾರಿದ. ಹಿಂದೆ ಇಡೀ ಮಾಳಿಗೆ ಕುಸಿಯಿತು, ನಡುಗೋಡೆಯನ್ನೂ ಎಳೆದುಕೊಂಡು.

ಸುದ್ದಿ ತಿಳಿದು ಉಮ್ಮೆ ಹಾನಿ ಓಡಿ ಬಂದಳು.

"ನಿಮಗಿಬ್ಬರಿಗೂ ಏನೂ ಆಗಿಲ್ಲಲ್ಲ?"

"ತಪ್ಪು ನಂದೇ ಅದರಿ. ನನಗ ಆ ಕೆಲಸ ಬರ್ತಿದ್ದಿಲ್ಲ."

"ಅವತ್ತೇ ಒಂದು ಮಾತು ಹೇಳಬೇಕಿತ್ತು. ನಿಮ್ಮನ್ನ ಎರಡು ವರ್ಷ ಹುಡುಕಿದಾಕಿ ನಾನು, ಬಡಿಗ್ಯಾರನ್ನ ಇನ್ನೊಂದು ವರ್ಷ ಹುಡುಕ್ತಿದ್ದಿಲ್ಲೇನು?"

ಎಂಜಿನಿಯರ್ ಬಂದು, ಉಳಿದದ್ದೂ ನಿಲ್ಲುವುದಿಲ್ಲ ಎಂದ. ಮರುವಾರ ಜೆಸಿಬಿ ಬಂತು. ಹಣಮಂತರಾಯ ರಸ್ತೆಯ ಆಚೆ ನಿಂತು ನೋಡಿದ. ಗಚ್ಚು ಗಟ್ಟಿಯಾಗಲು ಇನ್ನೂ ತಿಂಗಳುಗಳು ಬೇಕಿದ್ದವು. ಅವನ ಗೋಡೆ ಮೊದಲ ಏಟಿಗೇ ಉದುರಿತು.

ದೀಪಾವಳಿಯ ಹೊತ್ತಿಗೆ ಗಂಡಹೆಂಡತಿ ಕಪನೂರಿನಲ್ಲಿ ಗೋದಾಮೊಂದರ ಸಿಮೆಂಟ್ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿಗೇ ಕುಸನೂರಿನ ವಿವೇಕಾನಂದ ಎಂಬವರು ಹುಡುಕಿಕೊಂಡು ಬಂದರು. ಅವರದೂ ಹಳೆಯ ಮನೆ.

"ಗೋಡಿ ಕೆಲಸ ಅಷ್ಟೇರಿ. ಗಚ್ಚಿನಾಗ ನಿಮ್ಮಂಥವ್ರು ಇಲ್ಲಂತ ಉಮ್ಮೆ ಹಾನಿ ಮೇಡಮ್ಮೇ ಹೇಳಿ ಕಳಿಸ್ಯಾರ."

ತುಳಜಾಬಾಯಿ ತಲೆಯ ಮೇಲಿನ ಬುಟ್ಟಿ ಇಳಿಸಿ ಗಂಡನ ಮುಖ ನೋಡಿದಳು.

"ನನಗ ಆ ಕೆಲಸ ಬರಲ್ರಿ" ಎಂದ ಹಣಮಂತರಾಯ.

"ಯಾಕ ಸುಳ್ಳು ಹೇಳ್ತೀರಿ?" ಎಂದಳು ಆಕೆ.

ಅವನು ಬಗ್ಗಿ ಸಿಮೆಂಟ್ ಕಲಸತೊಡಗಿದ. ವಿವೇಕಾನಂದ ಒಂದು ಗಳಿಗೆ ಕಾದು ಹೊರಟರು. ಹಣಮಂತರಾಯ ಅವರನ್ನು ಕರೆಯಲಿಲ್ಲ.