ಗೈಬುಸಾಬನ ಕೈಗುಣ

ಕೀಲುವಾಯು ತಿಕ್ಕಿ ಇಳಿಸುವುದರಲ್ಲಿ ತಿಕೋಟಾದ ಗೈಬುಸಾಬನದು ಎತ್ತಿದ ಕೈ. ಮೊಣಕಾಲು ಬಾತ ಮಕ್ಕಳನ್ನು ಸುತ್ತಲಿನ ಊರವರು ಅವನಲ್ಲಿಗೇ ಹೊತ್ತು ತರುತ್ತಿದ್ದರು. ಅವನು ಎಣ್ಣೆ ಕಾಯಿಸಿ ತಿಕ್ಕಿ, ಎಕ್ಕದ ಎಲೆ ಕಟ್ಟುತ್ತಿದ್ದ. ಕೆಲವು ದಿನಗಳಲ್ಲಿ ಮಕ್ಕಳು ಎದ್ದು ಓಡುತ್ತಿದ್ದವು. ಓಡುವ ಮಗುವಿಗಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು?

ಅವನ ಮಗಳು ಪೀರಾಂಬಿಯೂ ಹಾಗೆ ಎದ್ದು ಓಡಿದವಳೇ. ಈಗ ಲಗ್ನ ಗೊತ್ತಾದ ಹೊತ್ತಿಗೆ ಕೊಡ ಹೊತ್ತರೆ ಉಸಿರು ಸಾಲದು, ಮಲಗಿದರೆ ಕೆಮ್ಮು. ಅದು ಎಣ್ಣೆಗೆ ಬಗ್ಗದಿದ್ದಾಗ ಗೈಬುಸಾಬ ಅವಳನ್ನು ವಿಜಾಪುರಕ್ಕೆ ಕರೆದೊಯ್ದ.

ಡಾಕ್ಟರರು ಅವಳನ್ನು ಎಡಮಗ್ಗುಲಿಗೆ ಮಲಗಿಸಿ ಎದೆ ಆಲಿಸಿದರು. ಎಬ್ಬಿಸಿ, ಮುಂದಕ್ಕೆ ಬಾಗಿಸಿ, ಮತ್ತೆ ಆಲಿಸಿದರು.

"ಸಣ್ಣಾಕಿದ್ದಾಗ ಈಕಿ ಮೊಣಕಾಲು ಬಾತಿದ್ವೇನು?"

ಗೈಬುಸಾಬ ಉಬ್ಬಿಹೋದ. "ಬಾತಿದ್ವರಿ. ಬ್ಯಾನಿ ಮೊಣಕಾಲಿಂದ ಹಿಮ್ಮಡಕ್ಕ, ಅಲ್ಲಿಂದ ಮುಂಗೈಗೆ ಓಡ್ಯಾಡತಿತ್ತು. ನಾನ ತಿಕ್ಕಿ ಓಡಿಸೇನ್ರಿ."

"ಓಡೇತಿ ಖರೆ. ಹೋಗಿ ಎದಿಯೊಳಗ ಕುಂತೈತಿ," ಎಂದರು ಡಾಕ್ಟರರು. "ಆ ಬಾವು ತಿಕ್ಕದಿದ್ರೂ ಇಳೀತಿತ್ತು, ಸಾಬ. ಆವಾಗ ಬೇಕಾಗಿದ್ದು ಪೆನಿಸಿಲಿನ್ ಸೂಜಿ. ಎದಿಯೊಳಗ ರಕ್ತಕ್ಕ ಬಾಗಲಾ ಇರ್ತಾವ. ಈಕಿದು ಒಂದು ತೆರಿವಲ್ದು, ಇನ್ನೊಂದು ಮುಚ್ಚವಲ್ದು."

"ತೆರಿಲಾರದ್ದನ್ನ ಮಿರಜದ ದೊಡ್ಡ ದವಾಖಾನ್ಯಾಗ ತೆರಸ್ತೀನ್ರಿ. ಹೊಲಾ ಮಾರ್ತೀನ್ರಿ."

"ಅದೊಂದ ಕೆಟ್ಟಿದ್ರ ನಾನ ಕಳಸ್ತಿದ್ದೆ. ಅದನ್ನ ತೆರದ್ರ, ಮುಚ್ಚಲಾರದ್ದರ ಭಾರ ಇನ್ನೂ ಹೆಚ್ಚಾಗತೈತಿ. ಎರಡೂ ಬಾಗಲಾ ಬದಲಿ ಮಾಡೂದು ಈ ಕಡೆ ಎಲ್ಲೂ ಇನ್ನೂ ಬಂದಿಲ್ಲ. ಗುಳಿಗಿ ಬರಕೊಡ್ತೀನಿ."

ಬಸ್ಸಿನಲ್ಲಿ ಪೀರಾಂಬಿ ಅಪ್ಪನ ಕೈ ಹಿಡಿದಳು. "ಅಬ್ಬಾ, ಆವಾಗ ನೀ ತಿಕ್ಕಿದ್ರ ಭಾಳ ಹಾಯ್ ಅನಸ್ತಿತ್ತು." ಸಮಾಧಾನಕ್ಕೆಂದು ಆಡಿದ ಮಾತು ಗಾಯದ ಮೇಲೆ ಬರೆ ಎಳೆಯಿತು. ಅವನಿಗೆ ತನ್ನ ಕೈಗಳನ್ನೇ ಕಂಡು ಹೇಸಿಗೆಯಾಯಿತು.

ಸುಗ್ಗಿಗೆ ಮೊದಲೇ ಪೀರಾಂಬಿ ತೀರಿಹೋದಳು. ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಬಬಲೇಶ್ವರದ ಸಖೂಬಾಯಿ ಬಂದಳು. ಅವಳ ಕಂಕುಳಲ್ಲಿದ್ದ ಕಿರಿಮಗಳ ಮೊಣಕಾಲು ಬಾತಿದ್ದವು.

ಗೈಬುಸಾಬ ಹಿಂದೆ ಸರಿದ. "ಎಣ್ಣಿ ಬ್ಯಾಡ, ತಂಗಿ. ವಿಜಾಪುರಕ್ಕ ಒಯ್ದು ಸೂಜಿ ಮಾಡಸು. ನನ್ನ ಕೈಗುಣ ಸುಳ್ಳ."

"ದುಃಖದಾಗ ಹಂಗ ಅಂತಿ, ಕಾಕಾ. ಸುಳ್ಳಾಗಿದ್ರ ನನ್ನ ಹಿರೇಮಗಳು ಹೆಂಗ ಎದ್ದಳು? ನೀನ ತಿಕ್ಕಿದ್ದಲ್ಲ?"

ಗೈಬುಸಾಬ ಮತ್ತೆ ಹತ್ತಿರ ಬಂದ. "ಆಕಿ... ಕೊಡಾ ಹೊತ್ರ ತೇಕತಾಳೇನು?"

ಸಖೂಬಾಯಿ ನಕ್ಕಳು. "ತೇಕತಾಳ ಬಿಡು, ಮೈಗಳ್ಳಿ! ಅರ್ಧಾ ದಾರಿಗೆ ಕೂತಬಿಡ್ತಾಳ. ಅದಕ್ಕೂ ನಿನ್ನ ಹಂತೇಕ ಎಣ್ಣಿ ಐತೇನು, ಕಾಕಾ?"