ನಲ್ಲಿಯ ಸದ್ದು

"ಮಹತಿ, ಇನ್ನೂ ಎಷ್ಟು ಹೊತ್ತೇ? ನೀರು ಸುಮ್ನೆ ಹೋಗ್ತಾ ಇದೆ."

ಇಫ್ರಾ ಬಾತ್‌ರೂಮಿನ ಬಾಗಿಲನ್ನು ಮತ್ತೆ ತಟ್ಟಿದಳು. ಒಳಗೆ ನಲ್ಲಿ ಧೋ ಎಂದು ಸುರಿಯುತ್ತಲೇ ಇತ್ತು. ಬಕೆಟ್ಟು ತುಂಬಿ ನೀರು ಹೊರಚೆಲ್ಲುವುದು ಬಾಗಿಲಾಚೆಗೂ ಕೇಳುತ್ತಿತ್ತು. ಕೊನೆಗೆ ಮಹತಿ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಳು. ಕಣ್ಣು ಕೆಂಪಗಿದ್ದವು. ಕಣ್ಣಿಗೆ ಸೋಪು ಹೋಯಿತು ಎಂದಳು. ಇಫ್ರಾ ನಂಬಿದಳು. ನಂಬದೇ ಇರುವಷ್ಟು ಪುರುಸೊತ್ತು ಅವಳಿಗೆ ಎಲ್ಲಿತ್ತು?

ಚಿಕ್ಕಬಳ್ಳಾಪುರದ ಆ ಕಾಲೇಜಿನ ಲೇಡೀಸ್ ಹಾಸ್ಟೆಲಿನಲ್ಲಿ ನೀರು, ಕರೆಂಟು ಉಳಿಸುವ ಸ್ಪರ್ಧೆ ಶುರುವಾಗಿತ್ತು. ತಿಂಗಳ ಕೊನೆಗೆ ಯಾವ ಮಹಡಿಯ ಮೀಟರು ಕಡಿಮೆ ಓಡಿರುತ್ತದೋ ಅವರಿಗೆ ಶೀಲ್ಡು, ಹೋಳಿಗೆ ಊಟ. ಎರಡನೇ ಮಹಡಿಯ ಲೀಡರ್ ಎಂದು ವಾರ್ಡನ್ ಲಾವಣ್ಯ ಮೇಡಂ ಇಫ್ರಾಳ ಹೆಸರು ಕೂಗಿದಾಗ ಯಾರನ್ನೋ ಕರೆದರೆಂದು ಅವಳು ಹಿಂದೆ ತಿರುಗಿ ನೋಡಿದ್ದಳು. ಅಲ್ಲಿಯವರೆಗೆ ಅವಳು ಶಿಡ್ಲಘಟ್ಟದಿಂದ ಬಂದು ಮೆಸ್ಸಿನಲ್ಲಿ ಮೂಲೆ ಹಿಡಿದು ಕೂರುವ ಹುಡುಗಿ. ಜೊತೆಗೆ ಕೂರುತ್ತಿದ್ದವಳು ರೂಮಿನ ಗೆಳತಿ ಮಹತಿ ಒಬ್ಬಳೇ. ಈಗ ಕಾರಿಡಾರಿನಲ್ಲಿ ಎಲ್ಲರೂ ಇಫ್ರಾ, ಇಫ್ರಾ ಎನ್ನುತ್ತಿದ್ದರು. ಆ ಕರೆ ಅವಳಿಗೆ ತುಂಬಾ ಹಿತವಾಗಿತ್ತು, ಅದರಲ್ಲಿ ಮುಚ್ಚಿಡುವುದೇನಿದೆ.

ನೀರಿನ ವಿಷಯದಲ್ಲಿ ಅವಳಿಗೆ ಮನೆಯ ಪಾಠವೇ ಇತ್ತು. ಅವಳ ದಾದಿ, ಅಂದರೆ ಅಪ್ಪನ ಅಮ್ಮ, ವಜೀರುನ್ನೀಸಾ ನಮಾಜಿಗೆ ಮುಂಚೆ ಒಂದು ಚೊಂಬು ನೀರಿನಲ್ಲಿ ಕೈಕಾಲು ಮುಖ ತೊಳೆದು, ತಳದಲ್ಲಿ ಉಳಿದದ್ದನ್ನು ಪುದೀನ ಕುಂಡಕ್ಕೆ ಸುರಿಯುವವರು. ಇಫ್ರಾ ಹೋದಹೋದಲ್ಲಿ ಫ್ಯಾನು ಆರಿಸಿದಳು, ಗೀಸರಿಗೆ ಹೊತ್ತು ಗೊತ್ತುಮಾಡಿದಳು, ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುವವರನ್ನು ಗದರಿಸಿದಳು. ಎಲ್ಲರೂ ಬಗ್ಗಿದರು, ಮಹತಿಯ ಹೊರತು.

ಮಹತಿ ತೊಂಡೇಬಾವಿಯವಳು. ಹಾಸ್ಟೆಲಿಗೆ ಬಂದ ದಿನವೇ ನಲ್ಲಿಯನ್ನು ಪೂರಾ ತಿರುಗಿಸಿ, ನಮ್ಮನೆ ಬಚ್ಚಲಲ್ಲಿ ನಲ್ಲಿ ಇಲ್ಲ ಕಣೇ, ತೊಟ್ಟಿಯಿಂದ ಮೊಗೆದುಕೊಳ್ಳಬೇಕು, ಇಲ್ಲಿ ನೋಡು ಎಷ್ಟು ಸದ್ದು ಮಾಡುತ್ತೆ ಎಂದು ಹಿಗ್ಗಿದ್ದಳು. ಇದೆಂಥ ಸಂಭ್ರಮವಪ್ಪ ಎಂದು ಇಫ್ರಾ ನಕ್ಕಿದ್ದಳು. ಮಿಕ್ಕಂತೆ ಮಹತಿ ಗಟ್ಟಿ ಹುಡುಗಿ, ಮನೆ ನೆನೆದು ಅಳುವವರಿಗೆಲ್ಲ ಅವಳದೇ ಸಮಾಧಾನ. ಊರಿಂದ ಹುಣಸೆ ಗೊಜ್ಜಿನ ಬಾಟಲಿ ಬಂದರೆ ಅಮ್ಮ ಕಳಿಸಿದ್ದು ಎಂದು ಎಲ್ಲರ ತಟ್ಟೆಗೂ ಬಡಿಸುತ್ತಿದ್ದಳು.

ತಿಂಗಳ ಮಧ್ಯಕ್ಕೆ ಮೂರನೇ ಮಹಡಿಯವರು ಮುಂದಿದ್ದರು. ಇಫ್ರಾಳ ಮಹಡಿಯವಳೇ ಆದ ಗೌರಿಬಿದನೂರಿನ ಅಮೃತ ಊಟದ ಸಾಲಿನಲ್ಲಿ ನಿಂತು, ಮೊದಲು ನಿನ್ನ ರೂಮ್‌ಮೇಟಿಗೆ ಬುದ್ಧಿ ಹೇಳು ಎಂದಳು. ಇಫ್ರಾಳ ಮುಖ ಸಣ್ಣದಾಯಿತು. ಮಹತಿಗೆ ಮೆತ್ತಗೆ ಹೇಳಿ ನೋಡಿದಳು. ಮಹತಿ ಸರಿ ಎಂದಳು, ಮಾರನೆಯ ದಿನ ಅದೇ ಕಥೆ. ಕೊನೆಗೆ ಮಹಡಿಯವರೆಲ್ಲ ಸೇರಿದ್ದ ಕಡೆ, ಒಬ್ಬರ ಸುಖಕ್ಕೆ ಎಲ್ಲರೂ ಸೋಲಬೇಕಾ ಎಂದು ಹೆಸರೆತ್ತದೆ ಅಂದುಬಿಟ್ಟಳು. ಹೆಸರು ಹೇಳದಿದ್ದರೇನು, ಎಲ್ಲರ ಕಣ್ಣೂ ಮಹತಿಯ ಮೇಲೇ ಇದ್ದವು.

ಅದೂ ನಾಟದಿದ್ದಾಗ ಇಫ್ರಾ ಹಾಸ್ಟೆಲಿನ ಪ್ಲಂಬರ್ ಮುನಿಗಂಗಪ್ಪನನ್ನು ಹಿಡಿದಳು. ಎರಡನೇ ಮಹಡಿಯ ಬಾತ್‌ರೂಮುಗಳಿಗೆ ಹೋಗುವ ವಾಲ್ವನ್ನು ಬಿಗಿ ಮಾಡಿಸಿದಳು.

"ಇಷ್ಟು ಬಿಗಿ ಮಾಡಿದ್ರೆ ರೇಷ್ಮೆ ನೂಲಿನಂಗೆ ಬರ್ತದೆ ಕಣಮ್ಮ," ಎಂದ ಅವನು.

"ಬರ್ಲಿ ಬಿಡಣ್ಣ. ಅಷ್ಟೇ ಸಾಕು."

ಅವತ್ತು ಸಂಜೆ ಮಹತಿ ಎಂದಿನಂತೆ ಬಾತ್‌ರೂಮಿಗೆ ಹೋದಳು. ಹೊರಗೆ ಐದಾರು ಹುಡುಗಿಯರು ಬಕೆಟ್ಟು ಹಿಡಿದು ನಿಂತಿದ್ದರು, ನೀರು ಸಣ್ಣದಾಗಿದ್ದರಿಂದ ಸಾಲು ಬೆಳೆದಿತ್ತು. ನಲ್ಲಿ ತಿರುಗಿಸಿದ್ದು ಕೇಳಿಸಿತು. ಮತ್ತೂ ತಿರುಗಿಸಿದ್ದು ಕೇಳಿಸಿತು. ನೀರಿನ ಸದ್ದು ಮಾತ್ರ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅಳು ಬಂತು. ಬಾಯಿಗೆ ಬಟ್ಟೆ ಒತ್ತಿಕೊಂಡರೂ ನಿಲ್ಲದೆ, ತಡೆದಷ್ಟೂ ಒತ್ತರಿಸಿಕೊಂಡು ಬರುವ ಅಳು. ನಡುನಡುವೆ ಅಮ್ಮಾ, ಅಮ್ಮಾ ಎನ್ನುತ್ತಿದ್ದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಾಗಿಲು ತಟ್ಟಲೆಂದು ಇಫ್ರಾ ಎತ್ತಿದ ಕೈ ಹಾಗೇ ಉಳಿಯಿತು.

ಬಾಗಿಲು ತೆರೆದ ಮಹತಿ ಸಾಲನ್ನು ನೋಡಿದಳು, ಕೊನೆಗೆ ಇಫ್ರಾಳನ್ನು ನೋಡಿದಳು. ರೂಮಿಗೆ ಹೋಗಿ ಬಟ್ಟೆ ಮಡಚಿ ಟ್ರಂಕಿಗೆ ತುಂಬತೊಡಗಿದಳು.

ಮರುದಿನ ಅವಳ ತಂದೆ ವೆಂಕಟೇಶಮೂರ್ತಿ ಬಂದರು, ಸ್ಕೂಲ್ ಮೇಷ್ಟ್ರು. ಹಾಸ್ಟೆಲ್ ಹಿಡಿಸಲಿಲ್ಲವಂತೆ, ಇನ್ನು ಊರಿಂದಲೇ ಬಸ್ಸಿನಲ್ಲಿ ಓಡಾಡುತ್ತಾಳಂತೆ ಎಂದರು. ಏನಾದರೂ ಆಡಬೇಕಲ್ಲ ಎಂದು ಇಫ್ರಾ, ಆಂಟಿ ಹೇಗಿದ್ದಾರೆ, ಅವರ ಗೊಜ್ಜು ನಮಗೆಲ್ಲ ಇಷ್ಟ ಎಂದಳು.

ಮೇಷ್ಟ್ರು ಅವಳನ್ನೇ ನೋಡಿದರು. "ಗೊಜ್ಜು ನಮ್ಮಮ್ಮ ಮಾಡೋದಮ್ಮ, ಇವಳ ಅಜ್ಜಿ. ಇವಳಮ್ಮ ಹೋಗಿ ವರ್ಷದ ಮೇಲಾಯ್ತಲ್ಲ. ಮಹತಿ ಹೇಳಿಲ್ವಾ?" ಆಮೇಲೆ ಧ್ವನಿ ತಗ್ಗಿಸಿ, "ನನ್ನ ಮಗಳು ಗಟ್ಟಿ ಕಣಮ್ಮ. ನಾನೇ ಕುಸಿದುಹೋಗಿದ್ದೆ, ಇವಳು ಒಂದು ದಿನಾನೂ ಅಳ್ಲಿಲ್ಲ. ಇವಳ ಮುಖ ನೋಡ್ಕೊಂಡೇ ನಾನು ಎದ್ದು ಓಡಾಡ್ತಿರೋದು," ಎಂದರು.

ಅವರ ಬೆನ್ನ ಹಿಂದೆ ಮಹತಿ ಖಾಲಿ ಬಕೆಟ್ಟು ಹಿಡಿದು ನಿಂತಿದ್ದಳು. ಅವಳ ಕಣ್ಣು ಇಫ್ರಾಳನ್ನು ಬೇಡುತ್ತಿದ್ದವು.

"ಇಲ್ಲೂ ಅಷ್ಟೇ ಅಂಕಲ್," ಎಂದಳು ಇಫ್ರಾ. "ಒಂದು ದಿನಾನೂ ಅತ್ತಿಲ್ಲ."

ಮೇಷ್ಟ್ರು ಟ್ರಂಕು ಹೊತ್ತು ಮುಂದೆ ನಡೆದಾಗ ಅವಳು ಮಹತಿಯ ಕೈ ಹಿಡಿದುಕೊಂಡಳು. "ಹೋಗ್ಬೇಡ ಕಣೇ. ವಾಲ್ವ್ ಇವತ್ತೇ ಬಿಚ್ಚಿಸ್ತೀನಿ."

"ಬಿಚ್ಚಿಸಿದ್ರೆ ಏನಾಗುತ್ತೆ ಇಫ್ರಾ? ನಾನು ನೀರು ಯಾಕೆ ಬಿಡ್ತೀನಿ ಅಂತ ಎಲ್ರಿಗೂ ಗೊತ್ತಾಯ್ತಲ್ಲ." ಸಿಟ್ಟಿನಿಂದ ಅನ್ನಲಿಲ್ಲ, ಕೈಯನ್ನೂ ಮೆತ್ತಗೇ ಬಿಡಿಸಿಕೊಂಡಳು. ತೊಂಡೇಬಾವಿಯ ಮನೆಯ ಬಚ್ಚಲಲ್ಲಿ ನಲ್ಲಿ ಇಲ್ಲ ಎಂಬುದು ಇಫ್ರಾಳಿಗೆ ನೆನಪಾಗುವಷ್ಟರಲ್ಲಿ ಆಟೋ ಗೇಟು ದಾಟಿತ್ತು.

ಅದಾದ ಮೇಲೆ ಮಹತಿ ಕ್ಲಾಸಿನಲ್ಲಿ ಎದುರಾದಾಗ ನಗುತ್ತಿದ್ದಳು, ಎಲ್ಲರಿಗೂ ನಗುವ ಹಾಗೆ. ಊಟದ ಡಬ್ಬಿಯನ್ನು ಬೇರೆ ಕಡೆ ಕೂತು ಬಿಚ್ಚುತ್ತಿದ್ದಳು. ಇಫ್ರಾಳಿಗೆ ಹತ್ತಿರ ಹೋಗಲು ಧೈರ್ಯ ಸಾಲುತ್ತಿರಲಿಲ್ಲ.

ತಿಂಗಳ ಕೊನೆಗೆ ಎರಡನೇ ಮಹಡಿಯೇ ಗೆದ್ದಿತು. ಶೀಲ್ಡು ಕೈಯಿಂದ ಕೈಗೆ ಹೋಯಿತು, ಫೋಟೋ ಆಯಿತು, ಹೋಳಿಗೆಗೆ ತುಪ್ಪ ಸುರಿದರು. ಇಫ್ರಾ ಒಂದು ಹೋಳಿಗೆಯನ್ನು ತುದಿ ಮುರಿದು ಹಾಗೇ ಬಿಟ್ಟು ಎದ್ದಳು. ಮುನಿಗಂಗಪ್ಪ ಆಗಷ್ಟೇ ವಾಲ್ವು ಬಿಚ್ಚಿ ಹೋಗಿದ್ದ. ಅವಳು ಮಹತಿ ಹೋಗುತ್ತಿದ್ದ ಬಾತ್‌ರೂಮನ್ನೇ ಹೊಕ್ಕು ಒಳಗಿನಿಂದ ಚಿಲಕ ಹಾಕಿದಳು. ಬಕೆಟ್ಟು ಇಟ್ಟು ನಲ್ಲಿ ತಿರುಗಿಸಿದಳು. ನೀರು ಬಕೆಟ್ಟನ್ನು ತುಂಬಿ, ಅಂಚು ದಾಟಿ ಅವಳ ಪಾದದ ಮೇಲೆ ಹರಿಯಿತು.

ಯಾರೋ ಬಾಗಿಲು ತಟ್ಟಿದರು. ಅಮೃತಳ ಧ್ವನಿ.

"ಯಾರೇ ಒಳಗೆ? ನೀರು ಸುಮ್ನೆ ಹೋಗ್ತಾ ಇದೆ."

ಇಫ್ರಾ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು.